ಹಳೆಯ ಅಚ್ಚು

ಒಂಟೆ ಸತ್ತ ಸುದ್ದಿ ಬಂದಾಗ ಅವನ ಕೈಯಲ್ಲಿ ಯಾರೋ ಮುದುಕಿಯ ಕೆಳದವಡೆ ಇತ್ತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಒಂಟೆಯ ಹೆಂಡತಿ ಹೇಳುತ್ತಿದ್ದುದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಅವನು ಆ ಹಲ್ಲಿನ ಸೆಟ್ಟಿನ ಗುಲಾಬಿ ಬಣ್ಣದ ಒಸಡನ್ನು ಪಾಲಿಶ್ ಚಕ್ರಕ್ಕೆ ಹಿಡಿದಿದ್ದ. ನಿನ್ನೆ ಸಂಜೆ ಸಿಗ್ನಲ್ಲಿನಲ್ಲಿ ಒಂಟೆಯ ಸ್ಕೂಟರು ಯಾರದೋ ಕಾರಿಗೆ ತಗುಲಿತಂತೆ. ಕಾರಿನಿಂದ ಇಬ್ಬರು ಇಳಿದರಂತೆ. ಒಬ್ಬನ ಕೈಯಲ್ಲಿ ಸ್ಪ್ಯಾನರು ಇತ್ತಂತೆ. ತಪ್ಪಾಯ್ತು ಸಾರ್ ಎಂದು ಒಂಟೆ ಹೇಳಿದ್ದನ್ನು ಅಲ್ಲಿ ನಿಂತಿದ್ದವರು ಕೇಳಿಸಿಕೊಂಡಿದ್ದರಂತೆ. ಅವಳು ಶಾಲೆಯ ಹುಡುಗಿ ಪಾಠ ಒಪ್ಪಿಸುವ ಹಾಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಸ್ವಲ್ಪ ತಡೆದು, ಅಲ್ಲಿ ಏನೋ ಸದ್ದು ಬರುತ್ತಿದೆಯಲ್ಲ, ನನ್ನ ಮಾತು ಕೇಳಿಸುತ್ತಿದೆಯಾ ಎಂದು ಕೇಳಿದಳು. ಆಗಲೇ ಅವನಿಗೆ ಚಕ್ರ ತಿರುಗುತ್ತಲೇ ಇದೆಯೆಂದು ಅರಿವಾದದ್ದು. ನಾಚಿಕೆಯಿಂದ ಗುಂಡಿ ಒತ್ತಿ ನಿಲ್ಲಿಸಿದ. ಸುದ್ದಿ ಕೇಳಿ ಆಗಬೇಕಾದ್ದು ಏನೂ ಆಗದೆ, ಚಕ್ರ ನಿಲ್ಲಿಸಲಿಲ್ಲವಲ್ಲ ಎಂಬ ನಾಚಿಕೆಯೊಂದೇ ಆದದ್ದು ಅವನಿಗೇ ವಿಚಿತ್ರವಾಗಿ ಕಂಡಿತು. ಕೈಯಲ್ಲಿದ್ದ ದವಡೆಯನ್ನು ನೀರಿನ ಬಟ್ಟಲಿಗೆ ಬಿಟ್ಟ. ಅದು ಮುಳುಗಿ ತಳ ಸೇರಿತು.

ಅವಳು ಫೋನು ಮಾಡಿದ್ದು ಬರೀ ಸುದ್ದಿ ಹೇಳುವುದಕ್ಕಲ್ಲ. ಪೆಟ್ಟು ಬಿದ್ದದ್ದು ಬಾಯಿಗೆ, ಆಮೇಲೆ ತಲೆಗೆ. ತಲೆಯದನ್ನು ಆಸ್ಪತ್ರೆಯವರು ಬಟ್ಟೆ ಸುತ್ತಿ ಮುಚ್ಚಿದ್ದಾರೆ, ಬಾಯಿಗೆ ಏನೂ ಮಾಡುವ ಹಾಗಿಲ್ಲ ಅಂದಿದ್ದಾರೆ. ಮೇಲಿನ ಮುಂದಿನ ನಾಲ್ಕು ಹಲ್ಲೂ ಹೋಗಿ ತುಟಿ ಒಳಕ್ಕೆ ಬಿದ್ದುಬಿಟ್ಟಿದೆ. "ಸಂಜೆ ರೈಲಿಗೆ ಅತ್ತೆ ಬರ್ತಾರೆ," ಎಂದಳು. "ಅವರಿಗೆ ಈ ಮುಖ ತೋರ್ಸೋಕೆ ನನ್ನ ಕೈಲಿ ಆಗಲ್ಲ. ಯಾರೋ ಮುದುಕನ್ನ ತಂದು ಮಲಗಿಸಿದ ಹಾಗಿದೆ. ನೀವು ಏನಾದ್ರೂ ಮಾಡ್ಬೇಕು ಅಣ್ಣ." ಅವನು ಮಾಡುತ್ತೇನೆ ಎಂದ. ಎಷ್ಟು ಸಲೀಸಾಗಿ ಅಂದನೆಂದರೆ, ಗುರುವಾರದೊಳಗೆ ಕೊಡುತ್ತೇನೆ ಎಂದು ಡಾಕ್ಟರುಗಳಿಗೆ ಹೇಳುವ ದನಿಯೇ ಅದಾಗಿತ್ತು. ಅವನ ಕೆಲಸವೇ ಅದು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವನು ಈ ಕೋಣೆಯಲ್ಲಿ ಕೂತು ಅದಕ್ಕೆ ಹಲ್ಲು ಕಟ್ಟುತ್ತಾನೆ. ಯಾರ ಮುಖವನ್ನೂ ನೋಡುವ ಪ್ರಮೇಯವಿಲ್ಲ. ಬೀದಿಯಲ್ಲಿ ಎದುರಿಗೆ ಬಂದು ನಗುವವರ ಬಾಯಲ್ಲಿ ತನ್ನದೇ ಹಲ್ಲಿದ್ದರೂ ಇವನಿಗೆ ಗೊತ್ತಾಗುವುದಿಲ್ಲ. ಅದನ್ನು ಹೇಳಿ ಒಂಟೆ ನಗುತ್ತಿದ್ದ. ಊರಿನವರೆಲ್ಲ ನಿನ್ನ ಹಲ್ಲಲ್ಲೇ ನಿನ್ನನ್ನು ಬೈಕೊಂಡು ಓಡಾಡುತ್ತಾರೆ ನೋಡು ಅನ್ನುತ್ತಿದ್ದ.

ಒಂಟೆ ಎಂದು ಹೆಸರಿಟ್ಟವರು ಯಾರು ಎಂಬುದು ಈಗ ನೆನಪಿಲ್ಲ. ಹಾಸ್ಟೆಲಿನ ಬಾಗಿಲಿಗೆ ತಲೆ ತಾಗಿಸಿಕೊಳ್ಳದೆ ಅವನು ಒಳಗೆ ಬಂದ ದಿನವೇ ಇರಲಿಲ್ಲ. ಕತ್ತು ಮೊದಲು ಬರುತ್ತಿತ್ತು, ಆಮೇಲೆ ಆಸಾಮಿ. ಅವನ ಮನೆಯವರೂ ಎಷ್ಟೋ ವರ್ಷ ಆ ಹೆಸರಿನಲ್ಲೇ ಅವನನ್ನು ಕೇಳಿಕೊಂಡು ಫೋನು ಮಾಡಿದ್ದುಂಟು. ಈಗ ಇವನು ಒಂಟೆಯ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಬಂದದ್ದು ಮುಖವಲ್ಲ. ಕಪಾಟಿನ ಮೇಲಿನ ಅರೆಯಲ್ಲಿ, ಧೂಳು ಹಿಡಿದು ಹಳದಿಗೆ ತಿರುಗಿದ, ಪ್ಲಾಸ್ಟರಿನ ಒಂದು ಮೇಲ್ದವಡೆ. ಕುರ್ಚಿ ಹತ್ತಿ ಅದನ್ನು ಕೆಳಗಿಳಿಸಿ, ಅಂಗಿಯ ತುದಿಯಿಂದ ಒರೆಸಿದ. ಅದು ಇಪ್ಪತ್ತು ವರ್ಷದ ಒಂಟೆಯ ಬಾಯಿ.

ಕಾಲೇಜಿನಲ್ಲಿ ಅಚ್ಚು ತೆಗೆಯುವುದನ್ನು ಕಲಿಯುವಾಗ ರೋಗಿಗಳನ್ನು ಯಾರೂ ಕೊಡುತ್ತಿರಲಿಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರ ಬಾಯಿ ಇನ್ನೊಬ್ಬರು ತೆಗೆಯಿರಿ ಎಂದು ಬಿಟ್ಟುಬಿಡುತ್ತಿದ್ದರು. ಬಾಯಿಜೋಡಿ ಎಂದು ಅದಕ್ಕೆ ಹೆಸರು. ಕೋರ್ಸು ಮುಗಿಯುವವರೆಗೂ ಜೋಡಿ ಬದಲಾಗುತ್ತಿರಲಿಲ್ಲ. ಮುಗಿದ ಮೇಲೆ ನಿನ್ನ ಬಾಯಿ ನನ್ನ ಹತ್ತಿರ, ನನ್ನ ಬಾಯಿ ನಿನ್ನ ಹತ್ತಿರ ಎಂದು ಜೋಡಿಯವನ ಅಚ್ಚನ್ನು ಇಟ್ಟುಕೊಂಡು ಹೋಗುವುದು ಹಿಂದಿನಿಂದ ಬಂದ ರೂಢಿ. ಮೊದಲ ದಿನ ಅವನು ಒಂಟೆಯ ಬಾಯಿಗೆ ತುಂಬಿದ ಅಚ್ಚಿನ ಹಿಟ್ಟು ಹೆಚ್ಚಾಗಿ ಗಂಟಲಿಗೆ ಇಳಿದುಬಿಟ್ಟಿತ್ತು. ಒಂಟೆ ಓಕರಿಸುತ್ತ, ಕಣ್ಣಲ್ಲಿ ನೀರು ಸುರಿಸುತ್ತ, ಆದರೂ ನಗುತ್ತ ಇವನ ಮಣಿಕಟ್ಟನ್ನು ಹಿಡಿದುಕೊಂಡಿದ್ದ. ಹಿಟ್ಟು ಗಟ್ಟಿಯಾಗುವ ತನಕ ತೆಗೆಯುವ ಹಾಗಿಲ್ಲ. ಅಷ್ಟೂ ಹೊತ್ತು ಇವನ ಎರಡು ಬೆರಳು ಒಂಟೆಯ ಬಾಯೊಳಗೆ, ಒಂಟೆಯ ಬಿಸಿಯುಸಿರು ಇವನ ಕೈಮೇಲೆ. ಇನ್ನೊಬ್ಬ ಮನುಷ್ಯನನ್ನು ಅಷ್ಟು ಹತ್ತಿರದಿಂದ ಅವನು ಅದಕ್ಕೆ ಮೊದಲು ಮುಟ್ಟಿರಲಿಲ್ಲ, ಆಮೇಲೆ ಮದುವೆಯಾದ ಮೇಲೂ ಅಷ್ಟು ನಿರಾಳವಾಗಿ ಮುಟ್ಟಿದ್ದು ಕಡಿಮೆಯೇ. ಅಚ್ಚು ಬಿಡಿಸಿಕೊಂಡು ಬಂದಾಗ ಮುಂದಿನ ಎರಡು ಹಲ್ಲುಗಳ ನಡುವೆ ಉಗುರು ತೂರುವಷ್ಟು ಸಂದಿ ನಿಚ್ಚಳವಾಗಿ ಮೂಡಿತ್ತು. ಆ ಸಂದಿಯಿಂದಲೇ ಒಂಟೆ ಶಿಳ್ಳೆ ಹೊಡೆಯುತ್ತಿದ್ದ. ಹಾಸ್ಟೆಲಿನ ಮೆಟ್ಟಿಲು ಹತ್ತುತ್ತಿರುವುದು ಅವನೇ ಎಂದು ಅದರಿಂದಲೇ ತಿಳಿಯುತ್ತಿತ್ತು. ಕಡೆಗೆ ಒಂಟೆಗೆ ಈ ಕೆಲಸ ಹಿಡಿಸಲಿಲ್ಲ. ಕಂಡವರ ಹಲ್ಲು ಎಣಿಸಿಕೊಂಡು ಎಷ್ಟು ದಿನ ಇರೋದು ಮಾರಾಯ ಎಂದು ಬಿಟ್ಟು, ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರಾದ. ಇವನು ಉಳಿದುಕೊಂಡ.

ಹಲ್ಲು ಕಟ್ಟಲು ಕೂತಾಗ ಎಲ್ಲ ಸುಲಭವಾಗಿಯೇ ಸಾಗಿತು. ಹಳೆಯ ಅಚ್ಚಿನ ಮೇಲೆ ಹೊಸ ಹಲ್ಲು ಕಟ್ಟಬಾರದೆಂಬುದು ಈ ಕಸುಬಿನಲ್ಲಿ ಮೊದಲು ಹೇಳಿಕೊಡುವ ಮಾತು. ಬಾಯಿ ಒಂದೇ ಸಮ ಇರುವುದಿಲ್ಲ, ವರ್ಷ ಕಳೆದರೆ ಒಸಡು ಇಳಿಯುತ್ತದೆ, ಹಲ್ಲು ಸರಿಯುತ್ತದೆ. ಆರು ತಿಂಗಳ ಹಿಂದಿನ ಅಚ್ಚು ಕಳಿಸುವ ಡಾಕ್ಟರುಗಳ ಮೇಲೆ ಅವನು ಎಷ್ಟೋ ಸಲ ಹರಿಹಾಯ್ದದ್ದಿದೆ. ಆಸ್ಪತ್ರೆಗೆ ಹೋಗಿ ಹೊಸದಾಗಿ ಅಚ್ಚು ತೆಗೆದುಕೊಂಡು ಬರಲು ಹೊತ್ತೂ ಇತ್ತು. ಹೋಗಲಿಲ್ಲ. ಆ ಬಾಯೊಳಗೆ ಮತ್ತೆ ಬೆರಳಿಡಲು ಅವನಿಗೆ ಹೆದರಿಕೆಯಾಗಿತ್ತು, ಅಷ್ಟೆ. ನನ್ನ ಹತ್ತಿರ ಅವನ ಬಾಯಿ ಇದೆಯಲ್ಲ, ಇನ್ನೇನು ಬೇಕು ಎಂದು ತನಗೆ ತಾನೇ ಹೇಳಿಕೊಂಡ. ಹಲ್ಲಿನ ಬಣ್ಣ ಹೋಲಿಸುವ ಪಟ್ಟಿ ತೆಗೆದು, ಸಿಗರೇಟು ಸೇದುವವನೆಂದು ಒಂದು ಛಾಯೆ ಗಾಢವಾದ ಹಲ್ಲುಗಳನ್ನೇ ಆರಿಸಿದ. ಅಚ್ಚಿನ ಮೇಲಿನ ನಾಲ್ಕು ಪ್ಲಾಸ್ಟರು ಹಲ್ಲುಗಳನ್ನು ಕೆತ್ತಿ ತೆಗೆದು, ಆ ಜಾಗದಲ್ಲಿ ಒಂದೊಂದನ್ನೇ ಮೇಣದಲ್ಲಿ ಕೂರಿಸಿ, ಎಡಗಡೆಯದು ಕೊಂಚ ಓರೆ ಇದ್ದದ್ದನ್ನು ಓರೆಯಾಗಿಯೇ ಇಟ್ಟು, ನಡುವಿನ ಸಂದಿಗೆ ತನ್ನ ಉಗುರನ್ನೇ ತೂರಿಸಿ ಅಳತೆ ನೋಡಿದ. ಸರಿಯಾಗಿತ್ತು. ಮಧ್ಯಾಹ್ನ ಹೆಂಡತಿ ಡಬ್ಬಿ ತಂದಿಟ್ಟಾಗ ಒಂಟೆ ಹೋದ ಎಂದು ಹೇಳಿದ. ಅವಳು ಅಲ್ಲೇ ಗೋಡೆಗೊರಗಿ ಅಳತೊಡಗಿದಳು. ಅವಳಿಗೆ ಅಷ್ಟು ಬೇಗ ಅಳು ಬಂದದ್ದು ಕಂಡು ಅವನಿಗೆ ಸ್ವಲ್ಪ ಅಸೂಯೆಯಾಯಿತು. ನೀವು ಯಾವಾಗಲೂ ಹೀಗೇ, ಕಲ್ಲು ಎಂದಳು. ಅದರಲ್ಲಿ ಆಕ್ಷೇಪಣೆಗಿಂತ ಗಾಬರಿಯೇ ಹೆಚ್ಚಿತ್ತು. ಅವನು ಡಬ್ಬಿ ಬಿಚ್ಚಿ ಊಟ ಮಾಡಿದ. ಹಸಿವಾಗಿತ್ತು.

ಆಸ್ಪತ್ರೆಯ ಹಿಂಭಾಗದ ಹೆಣ ಇಡುವ ಕೋಣೆಗೆ ಉದ್ದನೆಯ ಓಣಿಯೊಂದನ್ನು ದಾಟಿ ಹೋಗಬೇಕು. ಗೋಡೆಗೆ ಎದೆಮಟ್ಟದವರೆಗೆ ಹಸಿರು ಬಣ್ಣ, ಮೇಲೆ ಬಿಳಿ. ಓಣಿಯ ಕೊನೆಯ ಬೆಂಚಿನ ಮೇಲೆ ಒಂಟೆಯ ಹೆಂಡತಿ ಒಬ್ಬಳೇ ಕೂತಿದ್ದಳು. ಅವಳ ಅಣ್ಣ ಅತ್ತೆಯನ್ನು ರೈಲಿನಿಂದ ಕರೆತರಲು ಹೋಗಿದ್ದನಂತೆ. ಏನು ಹೇಳಬೇಕೋ ತಿಳಿಯದೆ ಅವನು ಚೀಲವನ್ನು ಎತ್ತಿ ತೋರಿಸಿದ, ಆರ್ಡರು ತಂದವನ ಹಾಗೆ. ಅವಳು ಎದ್ದಳು. ಕಾವಲಿದ್ದವನು ಬೀಗ ತೆಗೆದು, ಬೇಗ ಮುಗಿಸಿ ಎಂದಷ್ಟೇ ಹೇಳಿ ಹೊರಗೆ ಹೋದ. ಒಳಗೆ ಮಂಚದಂಥ ತಗಡಿನ ಮೇಜು ಸಾಲದೆ ಒಂಟೆಯ ಪಾದಗಳು ಆಚೆ ಚಾಚಿಕೊಂಡಿದ್ದವು. ಎಲ್ಲಿ ಮಲಗಿದರೂ ಅವನದು ಇದೇ ಗೋಳು, ಹಾಸ್ಟೆಲಿನಲ್ಲಿ ಕಾಲ ಬಳಿ ಒಂದು ಟ್ರಂಕು ಇಟ್ಟುಕೊಂಡೇ ಮಲಗುತ್ತಿದ್ದ ಎಂದು ನೆನಪಾಗಿ, ಇನ್ನೇನು ನಗು ಬರುವುದರಲ್ಲಿತ್ತು. ಅವನು ಮುಖ ನೋಡುವುದನ್ನು ಮುಂದೂಡುತ್ತ ಕಿಟಕಿಯ ಕಟ್ಟೆಯ ಮೇಲೆ ಬಟ್ಟೆ ಹಾಸಿ, ಸಾಮಾನುಗಳನ್ನು ಒಂದೊಂದಾಗಿ ಜೋಡಿಸಿದ. ಕೊನೆಗೆ ಡಬ್ಬಿ ತೆರೆದು ಹಲ್ಲುಗಳನ್ನು ಅಂಗೈಯಲ್ಲಿಟ್ಟುಕೊಂಡ. ನೋಡಿ ಎಂದು ಅವಳ ಕಡೆ ಚಾಚಿದ. ಯಾಕೆ ಚಾಚಿದನೋ. ಚೆನ್ನಾಗಿದೆ ಅನ್ನಲಿ ಎಂದಿರಬೇಕು.

ಅವಳು ಬಹಳ ಹೊತ್ತು ನೋಡಿದಳು.

"ಇದು ಯಾರದು?" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅವನದೇ, ಹಳೆಯ ಅಚ್ಚು ನನ್ನ ಹತ್ತಿರ ಇತ್ತು, ತದ್ವತ್ ಹಾಗೇ ಇದೆ ಎಂದ. ಅವಳು ಬೆರಳಿನಿಂದ ಸಂದಿಯನ್ನು ತೋರಿಸಿದಳು, ಮುಟ್ಟಲಿಲ್ಲ. ಇದೇನು ಎಂದಳು. ಆಮೇಲೆ ಮೆಲ್ಲಗೆ, ಮಗುವಿಗೆ ಬಿಡಿಸಿ ಹೇಳುವ ಹಾಗೆ, ಅವರಿಗೆ ಸಂದಿ ಇರಲಿಲ್ಲ, ಮದುವೆಗೆ ಮುಂಚೆಯೇ ಮುಚ್ಚಿಸಿಕೊಂಡಿದ್ದರು, ನಾನು ನೋಡಿದಾಗಿನಿಂದಲೂ ಇರಲಿಲ್ಲ ಎಂದಳು. ನಿಮಗೆ ಗೊತ್ತಿರಲಿಲ್ಲವಾ ಎಂದು ಕೇಳಿದಳು. ಅದರಲ್ಲಿ ಕೊಂಕೇನೂ ಇರಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದಳು.

ಅವಳ ಮದುವೆಯಾಗಿ ಹನ್ನೆರಡು ವರ್ಷವಾಗಿರಬೇಕು. ಆ ಹನ್ನೆರಡು ವರ್ಷದಲ್ಲಿ ಒಂಟೆಯನ್ನು ಅವನು ಎಷ್ಟು ಸಲ ನೋಡಿಲ್ಲ. ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಮಡಚಿಕೊಂಡು ಕೂತು ಗಂಟೆಗಟ್ಟಲೆ ಹರಟಿದ್ದಾನೆ. ಹೋದ ಬೇಸಗೆಯಲ್ಲಿ ಬಸ್ ನಿಲ್ದಾಣದಲ್ಲಿ ಸಿಕ್ಕಿ, ಬಸ್ಸು ಹೊರಡುವ ತನಕ ಶಾಲೆಯ ಹುಡುಗರ ಕಥೆ ಹೇಳಿ ತಾನೂ ನಕ್ಕು ನಗಿಸಿದ್ದಾನೆ. ಆ ನಗುವಿನಲ್ಲಿ ಅವನು ಸಂದಿಯನ್ನು ಕಂಡಿದ್ದ. ಕಂಡಿದ್ದನೆಂದು ಈಗಲೂ ಆಣೆ ಮಾಡಿ ಹೇಳಬಲ್ಲ. ಇಲ್ಲದ್ದನ್ನು ಕಂಡಿದ್ದ. ಹೊಟ್ಟೆಪಾಡಿಗಾಗಿ ದಿನವಿಡೀ ಹಲ್ಲು ನೋಡುವವನು, ಎದುರಿಗೆ ಕೂತ ಸ್ನೇಹಿತನ ಬಾಯನ್ನು ಒಂದು ಸಲವೂ ನೋಡಿರಲಿಲ್ಲ. ಹಾಗಾದರೆ ಇಷ್ಟು ವರ್ಷ ತಾನು ಮಾತಾಡಿಸುತ್ತಿದ್ದದ್ದು ಯಾರನ್ನು? ಒಂಟೆಯೂ ಹೇಳಲಿಲ್ಲ. ಹೇಳುವಂಥದ್ದೇನಿದೆ ಎಂದುಕೊಂಡನೋ, ನೋಡೋಣ ಇವನಿಗೆ ಯಾವಾಗ ತಿಳಿಯುತ್ತದೆ ಎಂದು ಕಾದನೋ. ಕಾದಿದ್ದರೆ, ಪ್ರತಿಸಲವೂ ನಗುವಾಗ ಕಾದಿರಬೇಕು. ಯಾಕೆ ಮುಚ್ಚಿಸಿಕೊಂಡ ಎಂದು ಕೇಳಿದ. ಅವಳು ತಲೆಯಾಡಿಸಿದಳು. ಸುಮ್ಮನೆ ಅಂತೆ, ಒಂದು ದಿನ ಹೋಗಿ ಮುಚ್ಚಿಸಿಕೊಂಡು ಬಂದರಂತೆ. ಆಮೇಲೆ, ನಿಮ್ಮ ಹತ್ತಿರವೇ ಮಾಡಿಸಿದ್ದರೇನೋ ಅಂದುಕೊಂಡಿದ್ದೆ ಎಂದಳು. ಅದು ಡಾಕ್ಟರುಗಳ ಕೆಲಸ, ನಾವು ಬಾಯಿ ಮುಟ್ಟುವ ಹಾಗಿಲ್ಲ ಎಂದು ಅವನು ವಿವರಿಸಹೊರಟು, ಇಂಥ ಜಾಗದಲ್ಲಿ ಏನು ಮಾತಾಡುತ್ತಿದ್ದೇನೆಂದು ಅರ್ಧಕ್ಕೇ ನಿಲ್ಲಿಸಿದ.

"ಇದನ್ನ ಮುಚ್ಚಿ ಕೊಡಿ," ಎಂದಳು.

ತುಟಿ ಮುಚ್ಚಿದ ಮೇಲೆ ಹಲ್ಲೇ ಕಾಣುವುದಿಲ್ಲ, ಇದು ಬರೀ ತುಟಿಗೆ ಆಧಾರ, ಒಳಗೆ ಹೇಗಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನು ಹೇಳಿದ. ರೈಲು ಬರುವ ಹೊತ್ತಾಯಿತು ಎಂದೂ ಸೇರಿಸಿದ.

"ನಂಗೆ ಗೊತ್ತಿರುತ್ತಲ್ಲ ಅಣ್ಣ."

ಆಗ ಬೆಳಗಿನಿಂದ ಮೊದಲ ಬಾರಿಗೆ ಅವನಿಗೆ ಏನೋ ಆಯಿತು. ದುಃಖವಲ್ಲ. ಸಿಟ್ಟು. ಈ ಹೆಂಗಸು ಯಾರು ಎಂದು ಸಿಟ್ಟು ಬಂತು. ಇವಳು ಕಣ್ಣಿಂದಲೂ ಕಾಣದ ಒಂಟೆಯನ್ನು ತಾನು ಬೆರಳಿನಿಂದ ಬಲ್ಲೆ. ಆ ಸಂದಿಯ ಶಿಳ್ಳೆಯನ್ನು ಕೇಳದವಳಿಗೆ ಅದನ್ನು ಮುಚ್ಚು ಅನ್ನುವ ಹಕ್ಕು ಎಲ್ಲಿಂದ ಬಂತು? ಆಗುವುದಿಲ್ಲ, ಸಾಮಾನು ತಂದಿಲ್ಲ ಎಂದು ಹೇಳಿಬಿಡಬಹುದಿತ್ತು. ಚೀಲದೊಳಗೆ ಹಲ್ಲಿನ ಬಣ್ಣದ ಪುಡಿಯೂ ಅದನ್ನು ಕಲಸುವ ದ್ರವವೂ ಇದ್ದದ್ದು ಅವಳಿಗೇನೂ ತಿಳಿಯುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂದು ತನಗೇ ತಿಳಿದು ಅವನಿಗೆ ಅಸಹ್ಯವಾಯಿತು. ಸತ್ತವನ ಹೆಂಡತಿಯ ಎದುರಿಗೆ, ಹಲ್ಲಿನ ಸಂದಿಯೊಂದಕ್ಕಾಗಿ ಹೊಟ್ಟೆಕಿಚ್ಚು. ಅವಳು ಮತ್ತೆ ಕೇಳಲಿಲ್ಲ. ಮೇಜಿನ ಬಳಿ ಹೋಗಿ, ಆಚೆ ಚಾಚಿದ್ದ ಗಂಡನ ಪಾದಗಳ ಮೇಲೆ ಹೊದಿಕೆಯನ್ನು ಎಳೆದಳು. ಪಾದ ಮುಚ್ಚಿದರೆ ಎದೆ ತೆರೆದುಕೊಳ್ಳುತ್ತಿತ್ತು, ಎದೆಗೆ ಎಳೆದರೆ ಪಾದ. ಎರಡು ಮೂರು ಸಲ ಹಾಗೆ ಮಾಡಿ, ಕೊನೆಗೆ ತನ್ನ ಸೆರಗಿನ ತುದಿಯನ್ನು ಪಾದಗಳ ಮೇಲೆ ಹಾಕಿಕೊಂಡು ಅಲ್ಲೇ ನಿಂತಳು. ಅವಳಿಗೆ ಅದು ಅಭ್ಯಾಸವಾಗಿತ್ತು ಎಂಬುದು ನೋಡಿದರೇ ತಿಳಿಯುತ್ತಿತ್ತು.

ಅವನು ಚೀಲದಿಂದ ಪುಡಿ ತೆಗೆದು, ಪುಟ್ಟ ಬಟ್ಟಲಿನಲ್ಲಿ ಕಲಸಿದ. ಘಾಟು ಕೋಣೆಯನ್ನು ತುಂಬಿತು. ಸಂದಿಯೊಳಕ್ಕೆ ಅದನ್ನು ಕಡ್ಡಿಯ ತುದಿಯಿಂದ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಹೋದ. ಎರಡು ಹಲ್ಲೂ ಕೂಡಿಕೊಂಡವು. ಗಟ್ಟಿಯಾಗುವ ತನಕ ಅಲ್ಲಾಡಿಸದೆ ಹಿಡಿದುಕೊಂಡು ಕಿಟಕಿಯ ಬಳಿ ನಿಂತಿದ್ದ. ಕಿಟಕಿಯಾಚೆ ಆಸ್ಪತ್ರೆಯ ಕೆಲಸದವನೊಬ್ಬ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದ. ಅಂಗೈಯಲ್ಲಿ ಅದು ಬಿಸಿಯಾಯಿತು. ಗಟ್ಟಿಯಾಗುವಾಗ ಯಾವಾಗಲೂ ಬಿಸಿಯಾಗುತ್ತದೆ, ಅದೇನೂ ಹೊಸದಲ್ಲ. ಒರಟನ್ನು ಉಜ್ಜಿ, ನೀರಿನಲ್ಲಿ ತೊಳೆದು, ಕೊನೆಗೂ ಮೇಜಿನ ಹತ್ತಿರ ಬಂದ. ಕೂರಿಸುವುದು ಕಷ್ಟವಾಯಿತು. ಅಚ್ಚಿನ ಒಸಡು ಇರುವಲ್ಲಿ ಈ ಬಾಯಿಯ ಒಸಡು ಇರಲಿಲ್ಲ. ಅಂಚನ್ನು ಎರಡು ಕಡೆ ಕೆರೆದು, ಮೇಣ ಮೆತ್ತಿ, ಬೆರಳಿನಿಂದ ಒಳಗೆ ಒತ್ತಿ ಹಿಡಿದ. ಬಾಯಿ ತಣ್ಣಗಿತ್ತು. ಕೈಯ ಮೇಲೆ ಉಸಿರು ಬರಲಿಲ್ಲ. ಬರುವುದಿಲ್ಲವೆಂದು ತಿಳಿದಿದ್ದರೂ ಸ್ವಲ್ಪ ಹೊತ್ತು ಕಾದ. ಮೇಲ್ತುಟಿ ಮೆಲ್ಲಗೆ ಎದ್ದು ತನ್ನ ಜಾಗಕ್ಕೆ ಬಂತು. ತುಟಿಯ ಜೊತೆಗೆ ಕೆನ್ನೆ ಬಂತು, ಕೆನ್ನೆಯ ಜೊತೆಗೆ ಮುಖ. ನಲವತ್ತು ದಾಟಿದ ಒಬ್ಬ ಮೇಷ್ಟ್ರು ಮಲಗಿದ್ದರು. ಮೀಸೆಯಲ್ಲಿ ಅರ್ಧ ನರೆ. ಮೂಗಿನ ಮೇಲೆ ಕನ್ನಡಕ ಒತ್ತಿದ ಗುರುತು. ಇವನಿಗೆ ಕನ್ನಡಕ ಯಾವಾಗ ಬಂತು? ಹೀಗಿದ್ದಾನಾ ಒಂಟೆ, ಎಂದುಕೊಂಡ. ಒಂದು ಸಲ ಸರಿಯಾಗಿ ನೋಡಬೇಕಿತ್ತು ಎಂದುಕೊಂಡ. ಅವಳು ಹತ್ತಿರ ಬಂದು ನೋಡಿದಳು, ಬಾಗಿ ಗಂಡನ ಮೀಸೆಯನ್ನು ಬೆರಳಿನಿಂದ ಸರಿಮಾಡಿದಳು. ಹೂಂ, ಇವರೇ ಎಂದಳು.

ಅಷ್ಟರಲ್ಲಿ ಓಣಿಯಲ್ಲಿ ಮಾತು ಕೇಳಿಸಿತು. ಒಂಟೆಯ ತಾಯಿ ಸೊಸೆಯ ಅಣ್ಣನ ತೋಳು ಹಿಡಿದುಕೊಂಡು ಒಳಗೆ ಬಂದರು. ಅವರೂ ಎತ್ತರದ ಹೆಂಗಸು, ಈಗ ಬಾಗಿದ್ದರು. ಬಾಗಿಲಲ್ಲಿ ನಿಂತು ಕೋಣೆಯನ್ನೆಲ್ಲ ಒಂದು ಸಲ ನೋಡಿದರು, ಮೇಜಿನ ಮೇಲಿದ್ದದ್ದನ್ನು ಕೊನೆಗೆ. ಅವರು ಕೂಗಿಕೊಳ್ಳುತ್ತಾರೆಂದು ಅವನು ಮೈ ಬಿಗಿಹಿಡಿದಿದ್ದ. ಕೂಗಲಿಲ್ಲ. ಮಗನ ತಲೆಯ ಬಳಿ ನಿಂತು, ಸುತ್ತಿದ ಬಟ್ಟೆಯನ್ನು ಮುಟ್ಟದೆ, ಹುಬ್ಬು, ಮೂಗು, ತುಟಿ ಎಂದು ಬೆರಳಾಡಿಸುತ್ತ ಬಂದರು. ಮುಖಕ್ಕೆ ಏನೂ ಆಗಿಲ್ಲವಲ್ಲ, ಮುಖಕ್ಕೆ ಏಟು ಅಂದಿದ್ದರಲ್ಲ ಎಂದು ಕೇಳಿದರು. ಸೊಸೆ ಅವನ ಕಡೆ ತೋರಿಸಿ, ಇವರು ಹಲ್ಲು ಮಾಡಿ ಇಟ್ಟಿದ್ದಾರೆ ಎಂದಳು. ಮುದುಕಿಗೆ ಅವನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹಿಡಿದ ಮೇಲೆ ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡರು.

"ನೀನಾ ಮಗಾ. ಸದ್ಯ, ನೀನು ಮಾಡಿದ್ಯಲ್ಲ," ಎಂದರು. ಆಮೇಲೆ ಮಗನ ಬಾಯಿಯ ಕಡೆ ನೋಡುತ್ತಲೇ, "ಮಧ್ಯೆ ಆ ಸಂದಿ ಬಿಟ್ಟಿದ್ದೀಯೇನಪ್ಪ? ಅದು ಅವರಪ್ಪಂದು. ಅದೊಂದೇ ಅವರ ಹಾಗೆ ಇದ್ದಿದ್ದು ಇವನಲ್ಲಿ. ಮುಚ್ಚಿಸ್ಕೊಂಡು ಬಂದಾಗ ನಾನು ಎಷ್ಟೋ ದಿನ ಮಾತು ಬಿಟ್ಟಿದ್ದೆ. ಮತ್ತೆ ತೆಗೆಸ್ತೀನಿ ಬಿಡಮ್ಮ ಅಂತಿದ್ದ," ಎಂದರು.

ಕೈ ಅವರ ಕೈಯಲ್ಲೇ ಇತ್ತು. ಬೆರಳಿಗೆ ಅಂಟಿದ್ದ ಕಲಸಿದ ಪುಡಿ ಒಣಗಿ ಚರ್ಮವನ್ನು ಹಿಡಿದೆಳೆಯುತ್ತಿತ್ತು. ಇಲ್ಲವೆನ್ನಬೇಕೆಂದು ಅವನು ಬಾಯಿ ತೆರೆದ, ಹೌದೆನ್ನಬೇಕೆಂದೂ ಅನ್ನಿಸಿತು. ಮುದುಕಿ ಕಾಯುತ್ತಿದ್ದರು. ಅವನು ಒಂಟೆಯ ಹೆಂಡತಿಯತ್ತ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ.

"ಬಿಟ್ಟಿದ್ದಾರೆ ಅತ್ತೆ," ಎಂದಳು ಅವಳು. "ನಾನೇ ನೋಡ್ದೆ."

ಹಾಗಾದರೆ ಸರಿ ಎಂದರು ಮುದುಕಿ. ಕೂರಲು ಏನಾದರೂ ಕೊಡಿ ಎಂದರು. ಒಂಟೆಯ ಹೆಂಡತಿ ಮೂಲೆಯಲ್ಲಿದ್ದ ಸ್ಟೂಲನ್ನು ತಂದು ಮೇಜಿನ ಪಕ್ಕಕ್ಕಿಟ್ಟು, ಅತ್ತೆಯನ್ನು ತೋಳು ಹಿಡಿದು ಕೂರಿಸಿ, ತಾನು ಅವರ ಹಿಂದೆ ನಿಂತಳು. ಅವನು ಸಾಮಾನುಗಳನ್ನು ಎತ್ತಿಡಲು ಕಿಟಕಿಯ ಕಡೆ ಹೋದ. ಬಟ್ಟಲು ಕೈಗೆ ಸಿಕ್ಕಿತು, ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅದನ್ನು ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ ನಿಂತ.